ಆಪ್ತರ ಮೌನ, ಕವಿಯ ಹಾಡು

ನಮಗೆ ತೀರ ಹತ್ತಿರದವರ ದುಃಖವೇ ನಮಗೆ ಎಲ್ಲರಿಗಿಂತ ತಡವಾಗಿ ತಿಳಿಯುತ್ತದೆ. ಮಾತು ವಿಚಿತ್ರವಾಗಿ ಕಂಡರೂ ಸುಳ್ಳಲ್ಲ. ಪರಊರಿನ ನೆಂಟರ ಸಂಕಟ ಕಾಗದದಲ್ಲಿ ಬರುತ್ತದೆ. ನೆರೆಮನೆಯವರದು ಗೋಡೆಯಾಚೆಯಿಂದ ಕೇಳಿಸುತ್ತದೆ. ಆದರೆ ಒಂದೇ ಒಲೆಯ ಅಡುಗೆಯನ್ನು ಉಂಡು, ಒಂದೇ ಸೂರಿನ ಕೆಳಗೆ ಮಲಗುವವರು ತಮ್ಮ ನೋವನ್ನು ಬೇರೆ ಯಾರಿಂದ ಮರೆಸದಿದ್ದರೂ ನಮ್ಮಿಂದ ಮರೆಸುತ್ತಾರೆ. ಅದು ನಮಗೆ ತಾಗುತ್ತದೆಂದು ಅವರಿಗೆ ಗೊತ್ತು. ತಾಯಿ ಮಕ್ಕಳೆದುರು ಅಳುವುದಿಲ್ಲ. ಹೆಂಡತಿ ಗಂಡನೆದುರು ನಗುತ್ತಾಳೆ. ತಂದೆ ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದು ಕುಳಿತಿರುತ್ತಾನೆ. ಹೀಗೆ ಪ್ರೀತಿಯೇ ಒಂದು ಬಗೆಯ ಏಕಾಂತವನ್ನು ಹುಟ್ಟಿಸುತ್ತದೆ. ಆ ಏಕಾಂತವನ್ನು ಮನೆಯೊಳಗಿನ ಕವಿಯೊಬ್ಬ ಕಂಡುಬಿಟ್ಟರೆ ಏನಾಗುತ್ತದೆ? ಕಂಡದ್ದನ್ನು ಅವನು ಹಾಡಾಗಿಸಬಹುದೆ? ಆಗಿಸಿದರೆ, ಮರೆಸಿದವರ ಮರೆಯನ್ನು ಅವನು ಹರಿದಂತಾಗುವುದಿಲ್ಲವೆ?

ಈ ಪ್ರಶ್ನೆಗೆ ಅಲಂಕಾರಶಾಸ್ತ್ರದಲ್ಲಿ ಉತ್ತರ ಹುಡುಕುವುದಕ್ಕಿಂತ ಕನ್ನಡದ ಕೆಲವು ಹಾಡುಗಳಲ್ಲಿಯೇ ಹುಡುಕುವುದು ಮೇಲು. ನೋವುಂಡವರೇ ಕಟ್ಟಿಕೊಂಡ ಹಾಡುಗಳನ್ನು ಮೊದಲು ನೋಡಿ, ಆಮೇಲೆ ನೋವನ್ನು ಕಂಡವರು ಕಟ್ಟಿದ ಹಾಡುಗಳಿಗೆ ಬರೋಣ.

ನಮ್ಮ ಹಳ್ಳಿಯ ಹೆಣ್ಣುಮಕ್ಕಳಿಗೆ ದಿನದಲ್ಲಿ ತಮ್ಮದೆನ್ನಬಹುದಾದ ಹೊತ್ತು ಒಂದೇ ಒಂದಿತ್ತು. ಅದು ಕೋಳಿ ಕೂಗುವ ಮೊದಲಿನ ಬೀಸುವ ಹೊತ್ತು. ಮನೆಮಂದಿಯೆಲ್ಲ ನಿದ್ದೆಯಲ್ಲಿದ್ದಾರೆ. ಬೀಸುವ ಕಲ್ಲಿನ ಎದುರು ಒಬ್ಬಳೋ ಇಬ್ಬರೋ ಕುಳಿತು ಗೂಟ ಹಿಡಿದು ಜೋಳ ಬೀಸಬೇಕು. ಕಲ್ಲಿನ ಗರಗರ ಸದ್ದು ಹಾಡಿಗೆ ಶ್ರುತಿಯಾಗುತ್ತದೆ, ಜೊತೆಗೆ ಮರೆಯೂ ಆಗುತ್ತದೆ. ಅಡುಗೆಮನೆಯಲ್ಲಿ ಎತ್ತಲಾಗದ ಮಾತನ್ನು ಈ ಸದ್ದಿನೊಳಗೆ ಎತ್ತಬಹುದು. ತವರಿನ ನೆನಪು, ಹಬ್ಬಕ್ಕೆ ಕರೆಯಲು ಬಾರದ ಅಣ್ಣ, ತುಂಬದ ಮಡಿಲು, ಸಿಡುಕುವ ಗಂಡ - ಎಲ್ಲವೂ ಅಲ್ಲಿ ಬರುತ್ತವೆ. ಆದರೆ ಬರುವ ರೀತಿಯನ್ನು ಗಮನಿಸಬೇಕು. ಹಾಡುವವಳು ಕಲ್ಲನ್ನೇ ಮಾತನಾಡಿಸುತ್ತಾಳೆ, ದೂರದ ಹಡೆದವ್ವನನ್ನು ಮಾತನಾಡಿಸುತ್ತಾಳೆ. ಪಕ್ಕದ ಕೋಣೆಯಲ್ಲಿ ಮಲಗಿದವನನ್ನು ನೇರವಾಗಿ ಮಾತನಾಡಿಸುವುದು ಕಡಮೆ. ಅದಕ್ಕಿಂತ ಮುಖ್ಯವಾದುದು ಇನ್ನೊಂದಿದೆ. ಹಾಡು ಊರಿನದು, ಅವಳೊಬ್ಬಳದಲ್ಲ. ಅತ್ತೆಯೂ ಸೊಸೆಯಾಗಿದ್ದಾಗ ಅದೇ ಪದವನ್ನು ಹಾಡಿದವಳು. ಆದುದರಿಂದ ಆ ನೋವು ಯಾರದೆಂದು ಹಿಡಿದು ಕೇಳುವಂತಿಲ್ಲ. ಎಲ್ಲರದಾದ ಮಾತಿನಲ್ಲಿ ತನ್ನದನ್ನು ಬಚ್ಚಿಟ್ಟು ಹೇಳುವ ಈ ಜಾಣ್ಮೆಗೆ ಸಮನಾದುದನ್ನು ನಾನು ಬರೆದ ಕಾವ್ಯದಲ್ಲಿ ಹೆಚ್ಚಾಗಿ ಕಂಡಿಲ್ಲ.

ಛಂದಸ್ಸೂ ಅದಕ್ಕೆ ಒದಗಿಬಂದಿದೆ. ತ್ರಿಪದಿಯಲ್ಲಿ ಹನ್ನೊಂದು ಗಣಗಳು: ಮೊದಲೆರಡು ಸಾಲುಗಳಿಗೆ ನಾಲ್ಕು ನಾಲ್ಕು, ಕೊನೆಯದಕ್ಕೆ ಮೂರು. ಹಾಡುವಾಗ ಎರಡನೆಯ ಸಾಲನ್ನು ಮತ್ತೊಮ್ಮೆ ಎತ್ತಿಕೊಂಡು, ತಡೆದು, ಮೂರನೆಯದಕ್ಕೆ ಇಳಿಯುವುದು ವಾಡಿಕೆ. ಮೂರನೆಯ ಸಾಲು ಕಿವಿ ನಿರೀಕ್ಷಿಸಿದುದಕ್ಕಿಂತ ಒಂದು ಗಣದಷ್ಟು ಮೊದಲೇ ಮುಗಿದುಹೋಗುತ್ತದೆ. ಆ ಉಳಿದ ಜಾಗದಲ್ಲಿ ಕಲ್ಲು ಮಾತ್ರ ತಿರುಗುತ್ತಿರುತ್ತದೆ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ, ಸುಮಾರು ಕ್ರಿ.ಶ. 700ರ ಹೊತ್ತಿಗೇ, ಈ ಛಂದಸ್ಸು ಕಲ್ಲಿನ ಮೇಲೆ ವೀರನೊಬ್ಬನನ್ನು ಹೊಗಳುತ್ತ ನಿಂತಿದೆ. ಬಂಡೆಗಲ್ಲಿನ ಮೇಲೆ ಗಂಡಸಿನ ಬಿರುದಿಗೆ ಒದಗಿದ ಪದವೇ ಬೀಸುಗಲ್ಲಿನ ಮುಂದೆ ಹೆಂಗಸಿನ ಅಳಲಿಗೂ ಒದಗಿತು.

ಈ ಹಾಡುಗಳು ಪುಸ್ತಕಕ್ಕೆ ಬಂದುದು ಇಂದಿನ ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರಿಂದ. ಮಧುರಚೆನ್ನರ ಸುತ್ತ ಸೇರಿದ್ದ ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ರೇವಪ್ಪ ಕಾಪಸೆ ಮುಂತಾದವರು ಹೆಂಗಸರ ಬಾಯಿಂದ ಕೇಳಿ ಬರೆದುಕೊಂಡ ಪದಗಳು 1931ರಲ್ಲಿ ‘ಗರತಿಯ ಹಾಡು’ ಎಂಬ ಹೆಸರಿನಲ್ಲಿ ಹೊರಬಂದವು. ಹೆಣ್ಣು ಯಾರಿಗೂ ಕೇಳಬಾರದೆಂದು ನಸುಕಿನಲ್ಲಿ ಹಾಡಿಕೊಂಡುದನ್ನು ಗಂಡಸರು ಹಾಡುಹಗಲಿನಲ್ಲಿ ಓದಿದರು. ತಮ್ಮ ಅವ್ವ, ಅಕ್ಕ, ಹೆಂಡತಿ ಇಷ್ಟನ್ನು ಒಳಗಿಟ್ಟುಕೊಂಡಿದ್ದರೆ ಎಂದು ಎಷ್ಟೋ ಓದುಗರಿಗೆ ಆಗ ಹೊಳೆದಿರಬೇಕು. ಹಿಟ್ಟಿನ ಗಿರಣಿ ಊರೂರಿಗೆ ಬಂದಮೇಲೆ ಆ ನಸುಕಿನ ದುಡಿಮೆ ತಪ್ಪಿತು. ಅದಕ್ಕಾಗಿ ಯಾರೂ ಮರುಗಬೇಕಾಗಿಲ್ಲ, ಬೀಸಿದವರಂತೂ ಮರುಗಲಿಲ್ಲ. ಆದರೆ ಆ ಮರೆಯ ಹೊತ್ತೂ ಅದರೊಡನೆ ಹೋಯಿತು.

ಹಲಸಂಗಿಯ ಗೆಳೆಯರೊಡನೆ ಆತ್ಮೀಯವಾದ ನಂಟನ್ನು ಹೊಂದಿದ್ದವರಲ್ಲಿ ದ.ರಾ. ಬೇಂದ್ರೆ ಒಬ್ಬರು. ಧಾರವಾಡದಲ್ಲಿ 1896ರಲ್ಲಿ ಹುಟ್ಟಿದ ಅವರು ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡು ತಾಯಿ ಅಂಬವ್ವನ ಆಸರೆಯಲ್ಲಿ ಬೆಳೆದವರು. ಕಾವ್ಯನಾಮವನ್ನು ಆರಿಸಿಕೊಳ್ಳುವಾಗಲೂ ‘ಅಂಬಿಕಾತನಯದತ್ತ’ ಎಂದು ತಾಯಿಯ ಹೆಸರಿನೊಳಗೇ ತಮ್ಮ ಹೆಸರನ್ನು ಇಟ್ಟರು. ಹೆಂಗಸಿನ ನುಡಿಯ ಏರಿಳಿತ ಅವರ ಕಿವಿಗೆ ಪುಸ್ತಕದಿಂದ ಬಂದುದಲ್ಲ. ಅವರ ಎಷ್ಟೋ ಹಾಡುಗಳಲ್ಲಿ ಮಾತನಾಡುವವಳು ಹೆಣ್ಣೇ. ಹೀಗಿರುವಾಗ, ತಮ್ಮ ಮನೆಯ ಅತಿ ದೊಡ್ಡ ದುಃಖದ ಹಾಡಿನಲ್ಲಿ ಅವರು ಹೆಣ್ಣಿನ ಬಾಯಿಂದ ಒಂದು ಮಾತನ್ನೂ ಆಡಿಸಲಿಲ್ಲ ಎಂಬುದು ಯೋಚಿಸಬೇಕಾದ ಸಂಗತಿ.

‘ನೀ ಹೀಂಗ ನೋಡಬ್ಯಾಡ ನನ್ನ’ ಎಂಬ ಕವನದ ಹಿನ್ನೆಲೆ ಕನ್ನಡಿಗರಿಗೆ ಹೊಸದಲ್ಲ. ಬೇಂದ್ರೆ ದಂಪತಿಗಳು ಹಡೆದ ಮಕ್ಕಳಲ್ಲಿ ಹಲವರನ್ನು ಕಳೆದುಕೊಂಡವರು. ಅಂಥ ಒಂದು ಹೊತ್ತಿನಲ್ಲಿ, ಕೂಸಿನ ಬಳಿ ಕುಳಿತ ಹೆಂಡತಿ ಲಕ್ಷ್ಮೀಬಾಯಿಯವರ ನೋಟವನ್ನು ಎದುರಿಸಲಾರದೆ ಹುಟ್ಟಿದ ಹಾಡು ಇದು. ಇಡೀ ಕವನದಲ್ಲಿ ಮಾತನಾಡುವವನು ಗಂಡ. ಹೆಂಡತಿ ನೋಡುತ್ತಾಳೆ, ಅಷ್ಟೆ. ಅವಳ ದುಃಖವನ್ನು ವಿವರಿಸುವ ಕೆಲಸಕ್ಕೆ ಕವಿ ಕೈಹಾಕುವುದೇ ಇಲ್ಲ. ಆ ದುಃಖದ ಎದುರು ನಿಂತವನ ಪಾಡನ್ನು ಮಾತ್ರ ಹೇಳುತ್ತಾರೆ. ಅವಳು ನೋಡಿದರೆ ತಾನು ತಿರುಗಿ ನೋಡಲಾರೆ ಎಂಬುದೊಂದೇ ಆ ಹಾಡಿನ ಹುರುಳು.

ಇದು ಚಿಕ್ಕ ವಿಷಯವಲ್ಲ. ಬೇರೆಯವರ ಒಳಗಿನ ನೋವನ್ನು ಬರೆಯಹೊರಟ ಕವಿಗೆ ಅತಿ ಸುಲಭವಾದ ದಾರಿಯೆಂದರೆ ಅವರ ಬಾಯಿಯಲ್ಲಿ ತಾನೇ ಅಳುವುದು. ಅಳುವ ತಾಯಿಗೆ, ಕಾಯುವ ಹೆಂಡತಿಗೆ, ಒಂಟಿ ತಂಗಿಗೆ ಇಂಪಾದ ಮಾತುಗಳನ್ನು ಕೊಟ್ಟು ಹಾಡಿಸಿದ ಗೀತೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಅವುಗಳಲ್ಲಿ ಹಲವು ಕಿವಿಗೆ ಹಿತವಾಗಿಯೂ ಇವೆ. ಆದರೆ ಆ ತಾಯಿ, ಆ ತಂಗಿ ಅಷ್ಟು ಚೆನ್ನಾಗಿ ಹೇಳಬಲ್ಲವರಾಗಿದ್ದರೆ ಅವರ ನೋವು ಒಳಗೇ ಏಕೆ ಉಳಿಯುತ್ತಿತ್ತು? ಹೇಳಲಾಗದುದೇ ಆ ನೋವಿನ ಮುಖ್ಯ ಲಕ್ಷಣ. ಮಾತು ಕೊಟ್ಟೊಡನೆ ಆ ಲಕ್ಷಣವೇ ಹೊರಟುಹೋಗುತ್ತದೆ. ಉಳಿಯುವುದು ಕವಿಯ ಚಮತ್ಕಾರ.

ಬೇಂದ್ರೆಯವರ ಹಾಡಿನಲ್ಲಿ ನೋಟವನ್ನು ವರ್ಣಿಸಲು ಮೊದಲಿಗೆ ಬರುವುದು ಒಂದೇ ಒಂದು ಪದ: ‘ಹೀಂಗ’. ಹೇಗೆ? ಹೀಂಗ. ಎದುರಿಗಿದ್ದವರಿಗೆ ಮಾತ್ರ ಅರ್ಥವಾಗುವ ಮಾತು ಅದು. ನಾವು ಆ ಕೋಣೆಯಲ್ಲಿಲ್ಲ. ಆ ಕಣ್ಣುಗಳನ್ನು ಕಂಡಿಲ್ಲ. ಆದರೂ ಪ್ರತಿಯೊಬ್ಬ ಕೇಳುಗನೂ ತಾನು ಎದುರಿಸಲಾರದೆ ಹೋದ ಒಂದು ನೋಟವನ್ನು ಆ ‘ಹೀಂಗ’ದೊಳಗೆ ತಂದು ಇಡುತ್ತಾನೆ. ಮುಂದೆ ರೂಪಕಗಳು ಬರುತ್ತವೆ ನಿಜ. ಮುಖವನ್ನು ಚಂದ್ರನಿಗೆ ಹೋಲಿಸುವುದು ನಮ್ಮ ಕವಿಗಳಿಗೆ ಎಂದಿನಿಂದಲೋ ಬಂದ ಅಭ್ಯಾಸ. ಇಲ್ಲಿ ಹುಣ್ಣಿಮೆಯ ಆ ಚಂದ್ರನೇ ಹಗಲಿನ ಬಾನಿನಲ್ಲಿ ಬಣ್ಣಗೆಟ್ಟು, ಹೆಣವಾಗಿ ತೇಲಿಬರುತ್ತಾನೆ. ಕೂಸಿನ ಸಾವು, ತಾಯಿಯ ಬಿಳಿಚಿದ ಮುಖ, ಬೆಳಕಿದ್ದೂ ಬೆಳಕಿಲ್ಲದ ಹಗಲು - ಮೂರೂ ಆ ಒಂದು ಚಿತ್ರದಲ್ಲಿವೆ. ಹಳೆಯ ಉಪಮಾನವೊಂದನ್ನು ಇಷ್ಟು ನಿರ್ದಯವಾಗಿ ತಿರುಗಿಸಿದ ಕವಿ ವಿರಳ.

ಈ ಕವನದೊಳಗೆ ಒಂದು ವಿರೋಧವೂ ಇದೆ. ಅದೇ ಇದರ ಜೀವಾಳವೆಂದು ನನ್ನ ಎಣಿಕೆ. ಮೊದಲು ಗಂಡ ‘ನೋಡಬೇಡ’ ಎಂದು ಬೇಡಿಕೊಳ್ಳುತ್ತಾನೆ. ಎಂದರೆ, ನಿನ್ನ ನೋವನ್ನು ನನಗೆ ತೋರಿಸಬೇಡ. ಕೊನೆಕೊನೆಗೆ ಅದೇ ಗಂಡ, ನಗೆಯನ್ನು ಮುಂದೆ ಮಾಡಿ ನೋವನ್ನು ಮುಚ್ಚಿಕೊಳ್ಳುವುದೇತಕ್ಕೆ, ತಡೆಹಿಡಿದ ಅಳು ಹರಿದುಹೋಗಲಿ ಎಂದು ಬೇಡಿಕೊಳ್ಳುತ್ತಾನೆ. ಎಂದರೆ, ನಿನ್ನ ನೋವನ್ನು ನನ್ನಿಂದ ಮರೆಸಬೇಡ. ಎರಡನ್ನೂ ಏಕಕಾಲಕ್ಕೆ ಕೇಳುವಂತಿಲ್ಲ. ಆದರೆ ಮನುಷ್ಯರು ಕೇಳುವುದು ಹೀಗೆಯೇ. ಅವಳು ಅವನಿಗಾಗಿ ನಗೆಯನ್ನು ಹೊದ್ದಿದ್ದಾಳೆ. ಅವನಿಗೆ ಆ ನಗೆ ಅಳುವಿಗಿಂತ ಹೆಚ್ಚು ಭಯ ಹುಟ್ಟಿಸುತ್ತದೆ. ಸತ್ತದ್ದು ಇಬ್ಬರದೂ ಕೂಸು. ದುಃಖ ಒಂದೇ ಆದರೂ ದುಃಖಿಸುವುದರಲ್ಲಿ ಇಬ್ಬರೂ ಒಂಟಿ. ಗಂಡ ತನ್ನ ದುಃಖವನ್ನು ಒಂದು ಕಡೆಗೆ ಸರಿಸಿಟ್ಟು ಅವಳ ದುಃಖದ ಬಗ್ಗೆ ಮಾತನಾಡುತ್ತಿರುವಂತೆ ತೋರುತ್ತದೆ. ನಿಜವಾಗಿ ನೋಡಿದರೆ ಅವನ ಅಳುವೂ ಅದೇ ಬೇಡಿಕೆಯ ದನಿಯಲ್ಲಿ ಹೊರಬರುತ್ತಿದೆ. ಅವಳಾದರೂ ಅತ್ತರೆ ಅವನಿಗೂ ಅಳಲು ಒಂದು ದಾರಿಯಾಗುತ್ತದೆ.

ಮನೆಯ ಮರೆಯನ್ನು ಕವಿ ಹರಿದನೆ ಎಂದು ಮೊದಲಿಗೆ ಕೇಳಿದೆನಷ್ಟೆ. ಇಲ್ಲಿ ಗಮನಿಸಿ: ಕೂಸಿನ ಹೆಸರಿಲ್ಲ, ಬೇನೆಯ ಹೆಸರಿಲ್ಲ, ದಿನ ಗಳಿಗೆಗಳಿಲ್ಲ, ಊರಿಲ್ಲ. ಹೆಂಡತಿ ಏನನ್ನು ಒಳಗೆ ಇಟ್ಟುಕೊಂಡಿದ್ದಳೋ ಅದು ಒಳಗೇ ಇದೆ. ಹೊರಗೆ ಬಂದುದು ಅವಳು ಇಟ್ಟುಕೊಂಡಿದ್ದಳು ಎಂಬ ಸಂಗತಿ ಮಾತ್ರ. ಮೇಲಾಗಿ ಮಾತೆಲ್ಲ ‘ನೀ’ ಎಂದು ಅವಳನ್ನೇ ಕುರಿತದ್ದು. ‘ಅವಳು’ ಎಂದು ನಮ್ಮ ಕಡೆಗೆ ತಿರುಗಿ ಕವಿ ಅವಳ ದೂರನ್ನು ಹೇಳುವುದಿಲ್ಲ, ನಮ್ಮ ಮರುಕವನ್ನು ಬೇಡುವುದಿಲ್ಲ. ನಾವು ಬಾಗಿಲ ಹೊರಗೆ ನಿಂತು ಅಕಸ್ಮಾತ್ತಾಗಿ ಕೇಳಿಸಿಕೊಂಡವರು.

ಇದೇ ದಾಂಪತ್ಯವನ್ನು ಬೇಂದ್ರೆಯವರು 1937ರ ‘ಸಖೀಗೀತ’ದಲ್ಲಿ ವಿಸ್ತಾರವಾಗಿ ಹೇಳಿಕೊಂಡಿದ್ದಾರೆ. ಅಲ್ಲಿಯೂ ಮಾತು ಸಖಿಯೊಡನೆಯೇ. ಆದರೆ ಅಲ್ಲಿ ಕಥನವಿದೆ, ನೆನಪುಗಳ ಸಾಲಿದೆ, ಬಡತನವಿದೆ. ಆ ವರ್ಷಗಳ ಕಷ್ಟ ಸಣ್ಣದಲ್ಲ. ‘ನರಬಲಿ’ ಕವನಕ್ಕಾಗಿ 1932ರಲ್ಲಿ ಅವರು ಹಿಂಡಲಗಿಯ ಸೆರೆಮನೆಯನ್ನು ಕಂಡರು. ಆಮೇಲೆ ಮುಗದದಲ್ಲಿ ಸ್ಥಾನಬದ್ಧರಾಗಿದ್ದರು. ಗಟ್ಟಿಯಾದ ನೌಕರಿ ದೊರೆತುದು 1944ರಲ್ಲಿ, ಸೊಲ್ಲಾಪುರದ ಕಾಲೇಜಿನಲ್ಲಿ. ನಡುವಣ ಅವಧಿಯಲ್ಲಿ ಕವಿಯ ಕೀರ್ತಿ ಬೆಳೆಯುತ್ತಿದ್ದಾಗ ಮನೆಯ ಒಲೆಯನ್ನು ನೋಡಿಕೊಂಡವರು ಯಾರೆಂದು ಹೇಳಬೇಕಾಗಿಲ್ಲ. ‘ಸಖೀಗೀತ’ ಅದನ್ನೆಲ್ಲ ಬಲ್ಲ ಕಾವ್ಯ, ದೊಡ್ಡ ಕಾವ್ಯ. ಆದರೂ ಜನರ ನಾಲಗೆಯ ಮೇಲೆ ಉಳಿದದ್ದು ಆ ಸಣ್ಣ ಹಾಡು. ಕಥನ ತಿಳಿಸಿಕೊಡುತ್ತದೆ, ಹಾಡು ಒಂದು ನಿಮಿಷದ ಎದುರಿಗೆ ನಮ್ಮನ್ನು ನಿಲ್ಲಿಸಿ, ತಾನೂ ನಿಂತುಬಿಡುತ್ತದೆ.

ಧಾರವಾಡದಿಂದ ಹಳೆಯ ಮೈಸೂರಿಗೆ ಬಂದರೆ, ಬೇರೆಯೇ ಬಗೆಯ ಒಂದು ಹಾಡು ಇದೇ ಮಾತನ್ನು ನಗುನಗುತ್ತ ಹೇಳುತ್ತದೆ. ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರ ಮಲ್ಲಿಗೆ’ ಪ್ರಕಟವಾದುದು 1942ರಲ್ಲಿ. ನವದಂಪತಿಗಳ ಸಂತೋಷದ ಕಾವ್ಯವೆಂದೇ ಅದು ಮನೆಮನೆಗೆ ಹೋಯಿತು, ಮದುವೆಯ ಉಡುಗೊರೆಯಾಯಿತು. ಆ ಸಂತೋಷ ಸುಳ್ಳಲ್ಲ. ಆದರೆ ‘ಒಂದಿರುಳು ಕನಸಿನಲಿ’ ಎಂಬ ಹಾಡನ್ನು ಮತ್ತೊಮ್ಮೆ ನಿಧಾನವಾಗಿ ಓದಿನೋಡಬೇಕು. ಗಂಡ ಹೆಂಡತಿಯನ್ನು ಕೇಳುತ್ತಾನೆ: ನಿನ್ನ ತವರೂರು ಚೆಂದವೋ, ನನ್ನೂರು ಚೆಂದವೋ? ಕೇಳುವುದಾದರೂ ಎಲ್ಲಿ? ಕನಸಿನಲ್ಲಿ. ಎಚ್ಚರದಲ್ಲಿ ಕೇಳುವ ಧೈರ್ಯ ಅವನಿಗಿಲ್ಲ, ಅಥವಾ ಎಚ್ಚರದಲ್ಲಿ ಕೇಳಿದರೆ ನಿಜವಾದ ಉತ್ತರ ಬಾರದೆಂದು ಅವನಿಗೆ ಗೊತ್ತು. ಕನಸಿನಲ್ಲಿಯೂ ಆಕೆ ಅಂಥದನ್ನು ತನ್ನಲ್ಲಿ ಕೇಳಬಾರದೆಂದು ಗಂಡನನ್ನು ಮೆಲ್ಲಗೆ ಸುಮ್ಮನಿರಿಸುತ್ತಾಳೆ. ಸರಸವೆಂದು ನಾವು ಆ ಉತ್ತರವನ್ನು ಸವಿದಿದ್ದೇವೆ, ಸರಸವೂ ಹೌದು. ಆದರೆ ಬೀಸುಗಲ್ಲಿನ ಮುಂದೆ ತವರನ್ನು ನೆನೆದು ಹಾಡಿದ ಹೆಣ್ಣಿನ ತಂಗಿಯೇ ಈಕೆ. ಯಾವ ಉತ್ತರ ಕೊಟ್ಟರೂ ಒಂದು ಊರನ್ನು ನೋಯಿಸಬೇಕಾದವಳು. ಹುಟ್ಟಿದ ಊರನ್ನು ಬಿಟ್ಟುಬಂದ ಹೆಣ್ಣಿನ ಒಳಗೊಂದು ಮೂಲೆಯಿದೆ, ಅಲ್ಲಿಗೆ ತನಗೆ ಪ್ರವೇಶವಿಲ್ಲ ಎಂಬುದನ್ನು ಕೆ.ಎಸ್.ನ. ಗೆಲವಾದ ದನಿಯಲ್ಲಿ ಒಪ್ಪಿಕೊಂಡಿದ್ದಾರೆ. ಬೇಂದ್ರೆಯವರ ಹೆಂಡತಿ ಮಾತಾಡದೆ ಕವಿಯನ್ನು ತಡೆದರೆ ಈಕೆ ಮಾತಾಡಿಯೇ ತಡೆಯುತ್ತಾಳೆ. ‘ಮೈಸೂರ ಮಲ್ಲಿಗೆ’ಯನ್ನು ಸುಖದ ಕಾವ್ಯ, ಸರಳ ಕಾವ್ಯ ಎಂದು ತಳ್ಳಿಬಿಡುವ ವಿಮರ್ಶಕರು ಈ ತಡೆಯನ್ನು ಗಮನಿಸಿದಂತಿಲ್ಲ.

ಆಮೇಲಿನವರ ಕಾವ್ಯದಲ್ಲಿ ಲಂಕೇಶರ ‘ಅವ್ವ’ನನ್ನು ಇಲ್ಲಿ ನೆನೆಯಬಹುದು, ಅದು ಹಾಡಲ್ಲವಾದ್ದರಿಂದ ಒಂದೇ ಮಾತು. ಪುರಾಣದ ಸತಿಯರ ಸಾಲಿನಿಂದ ತಾಯಿಯನ್ನು ಬೇಕೆಂದೇ ಹೊರಗೆ ತಂದು ಹೊಲದಲ್ಲಿ, ದುಡಿಮೆಯಲ್ಲಿ, ಜಗಳದಲ್ಲಿ ನಿಲ್ಲಿಸುವ ಆ ಕವನವೂ ಅವಳ ಮನಸ್ಸನ್ನು ತೆರೆದು ತೋರಿಸಲು ಹೋಗುವುದಿಲ್ಲ. ಅವಳು ಏನು ಮಾಡಿದಳೆಂಬುದನ್ನು ಹೇಳಿ ಸುಮ್ಮನಾಗುತ್ತದೆ.

ಇನ್ನು ಹಾಡುಗಾರಿಕೆಯ ವಿಷಯ. ಭಾವಗೀತೆ ಪುಸ್ತಕದಿಂದ ಕಂಠಕ್ಕೆ, ಕಂಠದಿಂದ ಬಾನುಲಿಗೆ ಬಂದಮೇಲೆ ಅದರ ಬಾಳು ಬದಲಾಯಿತು. ಧಾರವಾಡದ ಆಕಾಶವಾಣಿ ಕೇಂದ್ರ 1950ರಲ್ಲಿ ಆರಂಭವಾಯಿತು. ಬೇಂದ್ರೆಯವರೇ ಕೆಲವು ಕಾಲ ಅಲ್ಲಿ ಸಲಹೆಗಾರರಾಗಿದ್ದರು. ಮೈಸೂರು ಅನಂತಸ್ವಾಮಿಯವರಂಥವರ ದನಿಯಲ್ಲಿ ಕೆ.ಎಸ್.ನ. ಅವರ ಹಾಡುಗಳು, ಓದು ಬಾರದವರ ಮನೆಗೂ ಹೋದವು. ಒಂದು ದೃಷ್ಟಿಯಿಂದ ಬೀಸುವ ಹೊತ್ತಿನ ಮರೆ ಹೀಗೆ ಬೇರೆ ರೂಪದಲ್ಲಿ ಮರಳಿತು. ಒಗ್ಗರಣೆಯ ಸದ್ದಿನ ನಡುವೆ ರೇಡಿಯೋದಲ್ಲಿ ಬರುವ ಹಾಡನ್ನು ಹೆಣ್ಣೊಬ್ಬಳು ಬೆನ್ನು ತಿರುಗಿಸಿ ನಿಂತು ಕೇಳಬಹುದು. ಅವಳು ಏಕೆ ಕೇಳುತ್ತಿದ್ದಾಳೆಂದು ಯಾರೂ ವಿಚಾರಿಸುವುದಿಲ್ಲ. ಹಾಡು ಎಲ್ಲರದು.

ಆದರೆ ಇಂಥ ಹಾಡುಗಳನ್ನು ಹಾಡುವವರಲ್ಲಿ ನನ್ನದೊಂದು ತಕರಾರಿದೆ. ದುಃಖದ ಹಾಡೆಂದೊಡನೆ ರಾಗವನ್ನು ಎಳೆಎಳೆದು, ಪಲ್ಲವಿಯನ್ನು ಮತ್ತೆ ಮತ್ತೆ ಸಿಂಗರಿಸಿ, ಪಿಟೀಲಿನ ಕಣ್ಣೀರನ್ನು ಅದರ ಮೇಲೆ ಸುರಿಯುವುದು ರೂಢಿಯಾಗಿದೆ. ‘ನೀ ಹೀಂಗ ನೋಡಬ್ಯಾಡ’ ಎನ್ನುವವನು ಸಭೆಯ ಮುಂದೆ ನಿಂತಿಲ್ಲ. ಮುಖ ತಿರುಗಿಸಿ, ಅರ್ಧ ದನಿಯಲ್ಲಿ, ತಡೆತಡೆದು ಹೇಳುತ್ತಿದ್ದಾನೆ. ಪಲ್ಲವಿ ಪ್ರತಿ ಸಲ ಮರಳಿ ಬರುವುದು ಸೊಗಸಿಗಲ್ಲ, ಅವಳು ಇನ್ನೂ ನೋಡುತ್ತಲೇ ಇದ್ದಾಳೆಂಬುದಕ್ಕೆ. ಒಂದೊಂದು ನುಡಿಯಲ್ಲಿಯೂ ಅವನು ಬೇರೆ ಏನನ್ನೋ ಹೇಳಿ ತಪ್ಪಿಸಿಕೊಳ್ಳಲು ನೋಡುತ್ತಾನೆ. ನುಡಿ ಮುಗಿದೊಡನೆ ಆ ಕಣ್ಣು ಮತ್ತೆ ಎದುರಿಗಿರುತ್ತದೆ. ಇದನ್ನು ಬಲ್ಲ ಗಾಯಕರು ಪಲ್ಲವಿಗೆ ಮರಳುವ ಮುನ್ನ ಒಂದು ಕ್ಷಣ ತಡೆಯುತ್ತಾರೆ, ಮೂರನೆಯ ಸಾಲಿನ ಕೊನೆಗೆ ಬೀಸುವವಳು ತಡೆಯುವಂತೆ. ಆ ತಡೆಯನ್ನು ವಾದ್ಯದಿಂದ ತುಂಬಿಬಿಡಬಾರದು. ಇನ್ನೊಂದು ಸಣ್ಣ ಸಂಗತಿ. ಧಾರವಾಡದ ಕಡೆಯವರಲ್ಲದ ಕೆಲವರು ‘ಹೀಂಗ’ವನ್ನು ಹಾಡುವಾಗ ತಮಗರಿಯದಂತೆ ‘ಹೀಗೆ’ಯ ಕಡೆಗೆ ಜಾರುತ್ತಾರೆ, ಸೊನ್ನೆ ಸವೆದುಹೋಗುತ್ತದೆ. ಅದನ್ನು ಹಾಗೆ ಬಿಡಬಾರದು. ಅಳುವನ್ನು ತಡೆಹಿಡಿದವನ ದನಿ ಗಂಟಲಿನಿಂದ ಮೂಗಿಗೆ ಏರುವುದು ಆ ಸೊನ್ನೆಯಲ್ಲಿ.